ಜಡತ್ವದ ಪಾಠ

ಓಡುತ್ತಿರುವ ರೈಲು ಥಟ್ಟನೆ ನಿಧಾನಿಸಿದರೆ ಪ್ರಯಾಣಿಕನು ಮುಂದಕ್ಕೆ ಮುಗ್ಗರಿಸುತ್ತಾನೆ. ತಿರುವಿನಲ್ಲಿ ಹೊರಬದಿಗೆ ವಾಲುತ್ತಾನೆ. ಆದುದರಿಂದಲೇ ತಿರುವುಗಳಲ್ಲಿ ಹೊರಹಳಿಯನ್ನು ಒಳಹಳಿಗಿಂತ ತುಸು ಎತ್ತರಿಸಿರುತ್ತಾರೆ. ಇದೇ ನಿಯಮವು ಆಗಸದಲ್ಲಿ ಪ್ರಾಣಸಂಕಟವಾಗಿ ಪರಿಣಮಿಸುತ್ತದೆ. ಯುದ್ಧವಿಮಾನವು ರಭಸದಿಂದ ತಿರುಗುವಾಗ ಚಾಲಕನ ದೇಹಭಾರವು 9 ಮಡಿಯವರೆಗೆ ಏರಿದಂತಾಗಿ, ನೆತ್ತರು ಕಾಲಿನತ್ತ ಇಳಿದು, ಕಣ್ಣು ಮಂಜಾಗಿ, ಪ್ರಜ್ಞೆಯೇ ತಪ್ಪಬಹುದು. ಬೆಂಗಳೂರಿನಲ್ಲಿ 1957ರಲ್ಲಿ ಸ್ಥಾಪಿತವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯು ಚಾಲಕರನ್ನು ಗಿರಗಿರನೆ ತಿರುಗುವ ಯಂತ್ರದಲ್ಲಿ ಕುಳ್ಳಿರಿಸಿ, ಕಾಲು ಹೊಟ್ಟೆಗಳ ಸ್ನಾಯುಗಳನ್ನು ಬಿಗಿಹಿಡಿಯುವ ಅಭ್ಯಾಸ ಮಾಡಿಸುತ್ತದೆ. ಅಲ್ಲಿ ಕಂಠಪಾಠಕ್ಕೆ ಬೆಲೆಯಿಲ್ಲ. ಶಾಲೆಗಳಲ್ಲಾದರೋ ಜಡತ್ವದ ಲಕ್ಷಣವನ್ನು ಒಪ್ಪಿಸಿದವನಿಗೆ ಪೂರ್ಣಾಂಕ. ಮುಗ್ಗರಿಸಿದ್ದೇಕೆಂದು ಕೇಳಿದವನಿಗೆ ಗದರಿಕೆ. ಶಾಲಾಪ್ರವಾಸದ ರೈಲುಡಬ್ಬಿಯೇ ಮೊದಲ ಪ್ರಯೋಗಶಾಲೆಯಾಗಲಿ. ಲಕ್ಷಣವಾಕ್ಯವು ಅನುಭವದ ಬೆನ್ನಿಗೆ ಬರಲಿ.