ಶಾಲು ಹೊದಿಸುವವರಿಗೆ ಕಾಣದ ಆಟ

"ಮಗ ಏನ್ಮಾಡ್ತಿದಾನೆ?" ಅಂತ ಕೇಳಿದ್ರೆ "ಏನ್ಮಾಡ್ತಾನೆ, ಗೇಮ್ ಆಡ್ತಾ ಕೂತಿರ್ತಾನೆ" ಅಂತ ಮುಖ ಸಿಂಡರಿಸುವ ಅಪ್ಪ ಅಮ್ಮಂದಿರು ಮುಲುಂಡಿನಲ್ಲಿ ಬಿಲ್ಡಿಂಗಿಗೆ ನಾಲ್ಕು ಮಂದಿ ಸಿಗ್ತಾರೆ. ನನ್ನ ತಕರಾರು ಇರೋದು ಇವರ ಜೊತೆ. ಯಾಕೆ ಗೊತ್ತಾ? ಆ ಮಕ್ಕಳಲ್ಲಿ ಒಂದಿಬ್ಬರಾದ್ರೂ ಆಟ ಆಡ್ತಾ ಕೂತಿರೋದಿಲ್ಲ, ಆಟ ಕಟ್ತಾ ಕೂತಿರ್ತಾರೆ. ಬೆನ್ನ ಹಿಂದೆ ನಿಂತು ಎರಡು ನಿಮಿಷ ನೋಡಿದ್ರೆ ವ್ಯತ್ಯಾಸ ಗೊತ್ತಾಗುತ್ತೆ. ಆದ್ರೆ ನಿಲ್ಲುವವರು ಯಾರು?

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೇನೆ. ಒಂದು ಆಟದೊಳಗೆ ಹೊಸ ಊರು, ಬೀದಿ, ಕೋಟೆ ಕಟ್ಟಿದರೆ ಅದು ಮ್ಯಾಪ್. ಪಾತ್ರಕ್ಕೆ ಹೊಸ ವೇಷ ತೊಡಿಸಿದರೆ ಸ್ಕಿನ್. ಇದ್ದ ಆಟವನ್ನೇ ಬಿಚ್ಚಿ, ನಿಯಮ ಬದಲಿಸಿ ಬೇರೆಯದೇ ಮಾಡಿದರೆ ಮಾಡ್. (ಇಂಗ್ಲಿಷಿನವರ ಈ ‘ಮಾಡ್’ ನಮ್ಮ ‘ಮಾಡು’ವಿಗೆ ಇಷ್ಟು ಹತ್ತಿರ ಬಂದಿದ್ದು ಕಾಕತಾಳೀಯ. ಆದ್ರೂ ನನಗೆ ಖುಷಿ.) ಹೀಗೆ ಮಾಡಿದ್ದನ್ನು ಅದೇ ಆಟ ಆಡುವ ಸಾವಿರಾರು ಜನರ ಮುಂದೆ ಇಡ್ತಾರೆ. ಇಟ್ಟ ಮೇಲೆ ಕಾಯ್ತಾರೆ. ಹೆಚ್ಚಿನವರದ್ದು ಯಾರ ಕಣ್ಣಿಗೂ ಬೀಳದೆ ಅಡಿಗೆ ಹೋಗಿಬಿಡುತ್ತೆ.

ಎರಡು ವರ್ಷದ ಹಿಂದೆ ಇಲ್ಲೇ ಉಪನಗರದ ಒಂದು ಸಂಘದ ಮೀಟಿಂಗಿನಲ್ಲಿ (ಹೆಸರು ಬೇಡ ಬಿಡಿ) ವಾರ್ಷಿಕೋತ್ಸವದ ಪ್ರತಿಭಾ ಪುರಸ್ಕಾರಕ್ಕೆ ಇಂಥ ಒಬ್ಬ ಹುಡುಗನ ಹೆಸರು ಹೇಳಿದೆ. ಪದಾಧಿಕಾರಿಗಳು ನಕ್ಕರು. "ಗೇಮಿಗೆಲ್ಲ ಶಾಲು ಹೊದಿಸಿದ್ರೆ ನಾಳೆ ರಮ್ಮಿ ಆಡೋರಿಗೂ ಹೊದಿಸ್ಬೇಕಾಗ್ತದೆ ಸಾರ್!" ಶಾಲು ಎಂದಿನಂತೆ ದೇಣಿಗೆ ಕೊಟ್ಟವರ ಹೆಗಲೇರಿತು.

ರಮ್ಮಿಗೂ ಇದಕ್ಕೂ ಏನು ಸಂಬಂಧ ಸ್ವಾಮೀ? 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯಿದೆ ಪಾಸು ಮಾಡಿತಲ್ಲ, ಆ ಕಾನೂನೇ ಇವೆರಡನ್ನೂ ಬೇರೆ ಬೇರೆ ಇಟ್ಟಿದೆ. ದುಡ್ಡು ಕಟ್ಟಿ ಆಡುವ ಆಟಕ್ಕೆ ನಿಷೇಧ, ಇ-ಸ್ಪೋರ್ಟ್ಸ್ ಮತ್ತು ಉಳಿದ ಸಾಮಾನ್ಯ ಆಟಗಳಿಗೆ ಪ್ರೋತ್ಸಾಹ. ದಿಲ್ಲಿಯವರಿಗೆ ತಿಳಿದ ವ್ಯತ್ಯಾಸ ಮುಲುಂಡಿನ ಕನ್ನಡಿಗರಿಗೆ ತಿಳಿಯೋದಿಲ್ಲ ಅಂದ್ರೆ ಹೇಗೆ?

ಅದರಲ್ಲೂ ನಾವು ‘ಆಟ’ ಅನ್ನುವ ಶಬ್ದವನ್ನು ಕೀಳು ಮಾಡಬಾರದು. ನಮ್ಮ ಸಾಗರದ ಕಡೆ, ಕರಾವಳಿ ಕಡೆ "ಇವತ್ತು ರಾತ್ರಿ ಆಟ ಉಂಟು" ಅಂದ್ರೆ ಯಕ್ಷಗಾನ ಅಂತಲೇ ಅರ್ಥ. ಆ ಆಟ ನೋಡೋಕೆ ಲೋಕಲ್ ಗಾಡಿ ಬದಲಿಸಿ ಮಾಟುಂಗಾಕ್ಕೆ ಹೋಗುವ ಜನ ನಾವು. ವೇಷ, ಬಣ್ಣ, ರಂಗ, ಕಥೆ, ಸಂಗೀತ, ಪ್ರೇಕ್ಷಕರು, ಎಲ್ಲ ಅಲ್ಲೂ ಇದೆ, ಕಂಪ್ಯೂಟರಿನೊಳಗೂ ಇದೆ. ಒಂದನ್ನು ಕಲೆ ಅಂತ ಕಣ್ಣಿಗೊತ್ತಿಕೊಂಡು ಇನ್ನೊಂದನ್ನು ಚಟ ಅನ್ನೋದು ಯಾವ ನ್ಯಾಯ?

ಇನ್ನು ಪಬ್‌ಜಿ ವಿಷಯ. 2018-19ರಲ್ಲಿ ಸೆಂಟ್ರಲ್ ಲೈನಿನ ಡಬ್ಬಿಯಲ್ಲಿ ಕೂತ ಹುಡುಗರಲ್ಲಿ ಅದನ್ನು ಆಡದವರನ್ನು ಹುಡುಕಬೇಕಿತ್ತು. ಆ ನಾಲ್ಕು ಅಕ್ಷರದಲ್ಲಿ ಒಬ್ಬ ಮನುಷ್ಯನ ಹೆಸರು ಇದೆ ಅಂತ ಎಷ್ಟು ಜನಕ್ಕೆ ಗೊತ್ತಿತ್ತು? ಪೂರ್ತಿ ಹೆಸರು ಪ್ಲೇಯರ್‌ಅನ್‌ನೋನ್ಸ್ ಬ್ಯಾಟಲ್‌ಗ್ರೌಂಡ್ಸ್. ಪ್ಲೇಯರ್‌ಅನ್‌ನೋನ್, ಅಂದ್ರೆ ‘ಅಪರಿಚಿತ ಆಟಗಾರ’, ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವ ಆಡುವಾಗ ಇಟ್ಟುಕೊಂಡಿದ್ದ ಅಡ್ಡಹೆಸರು. ಆತ ಯಾವ ಗೇಮ್ ಕಂಪನಿಯಲ್ಲೂ ಇದ್ದವನಲ್ಲ. ಫೋಟೋಗ್ರಫಿ, ಗ್ರಾಫಿಕ್ ಡಿಸೈನ್ ಮಾಡಿಕೊಂಡು ಬ್ರೆಜಿಲ್‌ನಲ್ಲಿದ್ದ. ‘ಆರ್ಮಾ 2’ ಎಂಬ ಆಟಕ್ಕೆ ನ್ಯೂಜಿಲೆಂಡಿನ ಡೀನ್ ಹಾಲ್ ಎಂಬುವರು ‘ಡೇಝೀ’ ಎಂಬ ಮಾಡ್ ಮಾಡಿದ್ದರು. ಆ ಮಾಡ್‌ನ ಮೇಲೆ ಇವನು 2013ರಲ್ಲಿ ಇನ್ನೊಂದು ಮಾಡ್ ಮಾಡಿದ! ಎಲ್ಲರೂ ಒಂದೇ ಕಣಕ್ಕಿಳಿದು ಕೊನೆಗೆ ಒಬ್ಬನೇ ಉಳಿಯುವ ಆಟ. ಜಪಾನಿನ ‘ಬ್ಯಾಟಲ್ ರಾಯಲ್’ ಸಿನಿಮಾದಿಂದ ಹೊಳೆದದ್ದು. ಜನ ಆಡಿದರು. ಮುಂದೆ ಕೊರಿಯಾದ ಬ್ಲೂಹೋಲ್ ಕಂಪನಿಯವರೇ ಆತನನ್ನು ಹುಡುಕಿಕೊಂಡು ಬಂದರು. 2017ರ ಮಾರ್ಚಿನಲ್ಲಿ ಆಟ ಹೊರಬಿತ್ತು, ಅವನ ಅಡ್ಡಹೆಸರೇ ಶೀರ್ಷಿಕೆಯಲ್ಲಿ.

ನಮ್ಮ ದೇಶದಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧ ಆಯ್ತು. 2021ರ ಜುಲೈನಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಅಂತ ಬೇರೆ ಹೆಸರಲ್ಲಿ ಬಂತು. ನಿಷೇಧದ ಕಾರಣಗಳೇ ಬೇರೆ, ಅದು ಇಲ್ಲಿ ಬೇಡ. ಆದ್ರೆ ನೋಡಿ, ಹೆಸರು ಬದಲಾಗುವಾಗ ಆ ಮನುಷ್ಯನ ಗುರುತು ಬೋರ್ಡಿನಿಂದ ಅಳಿಸಿಹೋಯ್ತು, ಆಡುವವರಲ್ಲಿ ಒಬ್ಬರೂ ಕೇಳಲಿಲ್ಲ.

ಹೆಸರಿನ ಬಗ್ಗೆ ನಾನು ಇಷ್ಟು ಒದ್ದಾಡೋದಕ್ಕೆ ಕಾರಣ ಇದೆ. ‘ವಾರ್‌ಕ್ರಾಫ್ಟ್ 3’ ಎಂಬ ಆಟದಲ್ಲಿ 2003ರಲ್ಲಿ ಯೂಲ್ ಅನ್ನುವ ಅಡ್ಡಹೆಸರಿನವನೊಬ್ಬ ‘ಡೋಟಾ’ ಎಂಬ ಮ್ಯಾಪ್ ಮಾಡಿದ. ಅವನಿಂದ ಇನ್ನೊಬ್ಬ, ಆಮೇಲೆ ಮತ್ತೊಬ್ಬ ಕೈಗೆತ್ತಿಕೊಂಡು ಬೆಳೆಸಿದರು. ವಾಲ್ವ್ ಕಂಪನಿ 2009ರಲ್ಲಿ ಐಸ್‌ಫ್ರಾಗ್ ಎಂಬಾತನನ್ನು ಕೆಲಸಕ್ಕೆ ತೆಗೆದುಕೊಂಡಿತು. ಮುಂದೆ ಬಂದ ಡೋಟಾ 2 ಟೂರ್ನಮೆಂಟಿನ ಬಹುಮಾನದ ಮೊತ್ತ 2021ರಲ್ಲಿ 4 ಕೋಟಿ ಡಾಲರ್ ದಾಟಿತು. ಹವ್ಯಾಸಿಗಳು ಕಟ್ಟಿದ ಒಂದು ಮ್ಯಾಪ್‌ನಿಂದ! ವಾರ್‌ಕ್ರಾಫ್ಟ್‌ನ ಮಾಲೀಕರಾದ ಬ್ಲಿಜಾರ್ಡ್‌ನವರು ಹೆಸರಿಗಾಗಿ ವಾಲ್ವ್ ಜೊತೆ ಜಗಳ ಆಡಿ 2012ರಲ್ಲಿ ರಾಜಿ ಮಾಡಿಕೊಂಡರು. 2020ರಲ್ಲಿ ವಾರ್‌ಕ್ರಾಫ್ಟ್ 3ನ್ನು ಹೊಸದಾಗಿ ಬಿಡುವಾಗ ಷರತ್ತಿನಲ್ಲಿ ಬರೆದೇಬಿಟ್ಟರು: ನಮ್ಮ ಆಟದಲ್ಲಿ ನೀವು ಏನು ಕಟ್ಟಿದರೂ ಅದರ ಮಾಲೀಕರು ನಾವೇ.

ಗದ್ದೆ ನಮ್ಮದು, ಹಾಗಾಗಿ ಪೈರೂ ನಮ್ಮದು, ನೀನು ಬೆವರು ಸುರಿಸಿದ್ದಕ್ಕೆ ಧನ್ಯವಾದ. ಗೇಣಿ ಪದ್ಧತಿ ಹೋಗಿ ಎಷ್ಟು ವರ್ಷ ಆಯ್ತು ಮಾರಾಯ್ರೆ? ಕಾಗೋಡು ಸತ್ಯಾಗ್ರಹದ ಸೀಮೆಯವನಾದ ನನಗೆ ಅದನ್ನು ಓದಿ ಮೈ ಉರಿದುಹೋಯ್ತು. ಗೇಣಿದಾರನಿಗಾದರೂ ಬೆಳೆಯಲ್ಲಿ ಪಾಲು ಇತ್ತು.

ಪಾಲು ಅಂದಾಗ ಇನ್ನೊಂದು ಲೆಕ್ಕ. ಬಿ.ಕಾಂ. ಓದಿ ಬ್ಯಾಂಕು ಸೇರಿದವನು ನಾನು, ಲೆಕ್ಕ ಬಿಡೋಕಾಗೋಲ್ಲ. 2015ರ ಏಪ್ರಿಲಿನಲ್ಲಿ ‘ಸ್ಕೈರಿಮ್’ ಆಟದ ಮಾಡ್‌ಗಳನ್ನು ದುಡ್ಡಿಗೆ ಮಾರಬಹುದು ಅಂತ ವ್ಯವಸ್ಥೆ ಬಂತು. 100 ರೂಪಾಯಿಗೆ ಮಾರಾಟವಾದ್ರೆ ಮಾಡಿದವನಿಗೆ 25, ಅಂಗಡಿ ನಡೆಸುವ ವಾಲ್ವ್‌ಗೆ 30, ಮೂಲ ಆಟದ ಬೆಥೆಸ್ಡಾಕ್ಕೆ 45. ಆಡುವವರು ಎದ್ದು ಕೂಗಾಡಿದರು, ನಾಲ್ಕೇ ದಿನದಲ್ಲಿ ವಾಪಸ್ ತೆಗೆದರು. ಆಡುವವರ ಸಿಟ್ಟು ಪುಕ್ಕಟೆ ಸಿಗ್ತಿದ್ದದ್ದಕ್ಕೆ ದುಡ್ಡು ಕೇಳ್ತಾರಲ್ಲ ಅಂತ. ಮಾಡಿದವನಿಗೆ ಕಾಲು ಭಾಗ ಮಾತ್ರವಾ ಅಂತ ಕೇಳಿದವರೂ ಇದ್ದರು, ಆದ್ರೆ ಆ ದನಿ ಗಲಾಟೆಯಲ್ಲಿ ಮುಳುಗಿತು.

ಇಷ್ಟೆಲ್ಲ ಆದಮೇಲೂ ನಮ್ಮ ಹುಡುಗರಿಗೆ ಯೂಟ್ಯೂಬಿನ ಗುರುಗಳು ಹೇಳಿಕೊಡೋದು ಏನು? "ಫ್ರೀಯಾಗಿ ಹಾಕು, ಲೈಕ್ ಕೇಳು, ಶೇರ್ ಮಾಡಿಸು, ಹೆಸರು ತಾನಾಗೇ ಬರುತ್ತೆ." ನನ್ನ ಮಟ್ಟಿಗೆ ಇದು ಚಿಟ್ ಫಂಡ್ ಏಜೆಂಟರ ಮಾತು. ಕಂಡಕಂಡ ಗ್ರೂಪಿಗೆಲ್ಲ "ಅಣ್ಣಾ ನನ್ನ ಮ್ಯಾಪ್ ನೋಡಿ" ಅಂತ ಒಂದೇ ಸಂದೇಶ ಎಸೆಯುವ ಹುಡುಗನನ್ನು ಯಾರೂ ನೋಡೋದಿಲ್ಲ. ದಾದರ್ ಸೇತುವೆ ಮೇಲೆ ಕೈಗೆ ತುರುಕುವ ಹ್ಯಾಂಡ್‌ಬಿಲ್ಲನ್ನು ನೀವು ಓದಿದ್ದೀರಾ?

ಇದಕ್ಕಿಂತ ಹಳೆಯದೂ ಒಳ್ಳೆಯದೂ ಆದ ದಾರಿ ಇದೆ, ಅದಕ್ಕೆ ನಮ್ಮಲ್ಲಿ ಶಬ್ದವೂ ಇದೆ: ಮುಯ್ಯಿ. ನಿಮ್ಮ ಗದ್ದೆ ನಾಟಿಗೆ ನಾನು ಬರ್ತೇನೆ, ನನ್ನ ಗದ್ದೆಗೆ ನೀವು ಬನ್ನಿ. 2002ರಲ್ಲಿ ಶುರುವಾದ ಲುಡಮ್ ಡೇರ್ ಎಂಬ ಸ್ಪರ್ಧೆ ನೋಡಿ. ಒಂದು ವಿಷಯ ಕೊಡ್ತಾರೆ, 48 ಗಂಟೆಯೊಳಗೆ ಒಬ್ಬನೇ ಕೂತು ಪೂರ್ತಿ ಆಟ ಕಟ್ಟಬೇಕು. ಚಿತ್ರ, ಸದ್ದು ಎಲ್ಲ ಅವನದೇ. ಆಮೇಲೆ ಅಂಕ ಕೊಡೋದು ಸ್ಪರ್ಧಿಗಳೇ. ಬೇರೆಯವರ ಆಟಗಳನ್ನು ಎಷ್ಟು ಆಡಿ, ಎಷ್ಟು ಅಭಿಪ್ರಾಯ ಬರೆಯುತ್ತೀಯೋ ಅಷ್ಟು ನಿನ್ನ ಆಟ ಉಳಿದವರ ಕಣ್ಣಿಗೆ ಬೀಳುವಂಥ ವ್ಯವಸ್ಥೆ ಅಲ್ಲಿ ಬೆಳೆದುಬಂತು. ಅಪ್ಪಟ ಮುಯ್ಯಾಳು ಪದ್ಧತಿ! ಹತ್ತು ಜನರ ಆಟವನ್ನು ಮನಸ್ಸಿಟ್ಟು ಆಡಿ "ಮೂರನೇ ಬಾಗಿಲು ತೆರೆಯೋದಿಲ್ಲ, ಎರಡನೇ ಹಂತ ಮಜಾ ಇದೆ" ಅಂತ ಬರೆದವನ ಹೆಸರನ್ನು ಆ ಹತ್ತು ಜನ ಮರೆಯೋದಿಲ್ಲ. ಅವನದ್ದು ಬಂದಾಗ ಹುಡುಕಿ ಆಡ್ತಾರೆ.

ಮೊದಲ ದಿನವೇ ದೊಡ್ಡದು ಮಾಡೋಕೆ ಹೊರಡೋದು ಇನ್ನೊಂದು ರೋಗ. ಮೇಳಕ್ಕೆ ಸೇರಿದವ ಮೊದಲ ರಾತ್ರಿಯೇ ಕೌರವನಾಗ್ತಾನಾ? ಪೂರ್ವರಂಗದಲ್ಲಿ ಕೋಡಂಗಿ ಕುಣೀಬೇಕು, ಬಾಲಗೋಪಾಲ ಆಗ್ಬೇಕು, ಆಮೇಲೆ ಸಣ್ಣಪುಟ್ಟ ವೇಷ. ಕೌಂಟರ್-ಸ್ಟ್ರೈಕ್ ಕಥೆಯೂ ಅದೇ. ಮಿನ್ ಲೀ ಎಂಬ ಕೆನಡಾದ ವಿದ್ಯಾರ್ಥಿ ಮತ್ತು ಜೆಸ್ ಕ್ಲಿಫ್ ಸೇರಿ ‘ಹಾಫ್-ಲೈಫ್’ ಆಟದ ಮೇಲೆ ಮಾಡಿದ ಮಾಡ್ ಅದು. 1999ರ ಜೂನಿನಲ್ಲಿ ಅರೆಬರೆ ಬೇಟಾ ಬಿಟ್ಟರು, ಆಡಿದವರ ದೂರು ಕೇಳಿದರು, ಸರಿಮಾಡಿ ಮತ್ತೊಂದು ಬಿಟ್ಟರು, ಹೀಗೇ ಒಂದರ ಹಿಂದೊಂದು. ಮ್ಯಾಪ್‌ಗಳನ್ನು ಆಡುವವರಿಂದಲೂ ತರಿಸಿದರು. ಒಂದೂವರೆ ವರ್ಷದಲ್ಲಿ, 2000ದ ನವೆಂಬರಿಗೆ, ಅದು ವಾಲ್ವ್ ಮೂಲಕ ಅಂಗಡಿಗೆ ಬಂದಿತ್ತು.

ಮತ್ತೆ ಏನು ಕಟ್ಟಬೇಕು ಅನ್ನೋದು. ನಮ್ಮ ಹುಡುಗ ಕಾಣದ ಅರಬ್ಬೀ ಮರುಭೂಮಿಯನ್ನೇ ಕಟ್ತಾನೆ, ಅಂಥವು ಆಗಲೇ ಲಕ್ಷ ಇವೆ. ಮಗಾ, ಕಿಟಕಿ ತೆಗೆದು ನೋಡು. ಒಂದು ಕಡೆ ಚಿರತೆ ಇಳಿದು ಬರುವ ನ್ಯಾಷನಲ್ ಪಾರ್ಕಿನ ಗುಡ್ಡ, ಇನ್ನೊಂದು ಕಡೆ ಖಾಡಿಯ ಉಪ್ಪಿನ ಗದ್ದೆ, ನಡುವೆ ರೈಲು. ಚೆಕ್ ನಾಕಾದಲ್ಲಿ ಜಕಾತಿಗೆ ಕಾದು ನಿಲ್ಲುತ್ತಿದ್ದ ಲಾರಿಗಳ ಸಾಲು 2017ರಲ್ಲಿ ಜಕಾತಿ ರದ್ದಾದ ಮೇಲೆ ಹೋಯ್ತು. ಅದನ್ನು ಕಟ್ಟಿದರೆ ಪೋಲೆಂಡಿನವನೂ ನಿಂತು ನೋಡ್ತಾನೆ, ಯಾಕಂದ್ರೆ ಅವನಲ್ಲಿ ಅದಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡದ ‘ರಾಜಿ’ ಆಟದಲ್ಲಿ ನಮ್ಮ ಪುರಾಣ, ನಮ್ಮ ಕೋಟೆಕೊತ್ತಲ ಇತ್ತು. 2017ರಲ್ಲಿ ಜನರಿಂದ ಚಂದಾ ಎತ್ತೋಕೆ ಹೋಗಿ ಸೋತರು. ಬಿಡಲಿಲ್ಲ. 2020ರಲ್ಲಿ ಆಟ ಬಂತು, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಆಟಗಳ ಪಟ್ಟಿಗೂ ಸೇರಿತು.

ಬೆಂಗಳೂರಿನ ಮಾತೇ ಬೇರೆ. ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ 1997ರಿಂದ ಅಲ್ಲಿತ್ತು. ವಿದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳ ಕಲೆ ಮಾಡಿಕೊಟ್ಟ ಕಂಪನಿ. 2019ರಲ್ಲಿ ರಾಕ್‌ಸ್ಟಾರ್‌ನವರು ಅದನ್ನು ಕೊಂಡರು. ಅಲ್ಲಿ ದುಡಿದ ಒಬ್ಬ ಚಿತ್ರಕಾರನ ಹೆಸರನ್ನಾದರೂ ನಮ್ಮ ಯಾವ ಸಂಘದ ಆಹ್ವಾನ ಪತ್ರಿಕೆಯಲ್ಲಿ ಮುಖ್ಯ ಅತಿಥಿ ಅಂತ ಕಂಡಿದ್ದೀರಾ? ನಾನು ಕಂಡಿಲ್ಲ.

ಕನ್ನಡ, ಕನ್ನಡ ಅಂತ ನವೆಂಬರಿನಲ್ಲಿ ಎದೆ ತಟ್ಟಿಕೊಳ್ತೇವಲ್ಲ, ಅದಕ್ಕೂ ಒಂದು ಮಾತು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ ಭಾಷೆಗಳ ಪಟ್ಟಿ ತೆರೆದು ನೋಡಿ, ಕನ್ನಡ ಇದೆ. ಯಾವ ಸರ್ಕಾರವೂ ಅಕಾಡೆಮಿಯೂ ಮಾಡಿಸಿದ್ದಲ್ಲ. ಹೆಸರು ಬೇಡದ ಆಟಗಾರರು ಬಿಡುವಿನಲ್ಲಿ ಕೂತು ಒಂದೊಂದೇ ಪದ ಕನ್ನಡಕ್ಕೆ ತಂದದ್ದು. ಗುದ್ದಲಿಗೆ ಏನನ್ನಬೇಕು, ಕುಲುಮೆಗೆ ಏನನ್ನಬೇಕು ಅಂತ ತಲೆ ಕೆಡಿಸಿಕೊಂಡವರು. ಇವರು ಮಾಡಿದ್ದು ಕನ್ನಡ ಸೇವೆ ಅಲ್ಲವಾ? ಮನೆಯಲ್ಲಿ ಹಿಂದಿ-ಇಂಗ್ಲಿಷ್ ಮಾತಾಡುವ ನಮ್ಮ ಮುಂಬಯಿ ಮಕ್ಕಳು ಕನ್ನಡ ಅಕ್ಷರವನ್ನು ತಾವಾಗಿಯೇ ಎದುರಿಗಿಟ್ಟುಕೊಳ್ಳಬಹುದಾದ ಜಾಗ ಅದು. ಅಂಥದ್ದೊಂದು ಇದೆ ಅಂತ ನಮಗೇ ಗೊತ್ತಿಲ್ಲ.

ಹುಡುಗರಿಗೂ ಎರಡು ಮಾತು ಹೇಳ್ತೇನೆ, ಬೇಜಾರಾಗಬೇಡಿ. ಎಲ್ಲ ಕಡೆ ಒಂದೇ ಹೆಸರು ಇಟ್ಟುಕೊಳ್ಳಿ, ತಿಂಗಳಿಗೊಂದು ಬದಲಿಸಬೇಡಿ. ಬೇರೆಯವರ ಚಿತ್ರ, ಸದ್ದು ಎತ್ತಿ ಹಾಕಿದ್ರೆ ಹಾಕಿದ್ದೇನೆ ಅಂತ ಬರೆಯಿರಿ, ಸಿಕ್ಕಿಬಿದ್ದವನನ್ನು ಯಾವ ಬಳಗವೂ ಮತ್ತೆ ಹತ್ತಿರ ಸೇರಿಸೋದಿಲ್ಲ. ಷರತ್ತು ಓದದೆ ‘ಒಪ್ಪಿದೆ’ ಒತ್ತಬೇಡಿ. ಸಾಲದ ಅರ್ಜಿಯನ್ನು ಓದದೆ ಸಹಿ ಮಾಡಿ ಆಮೇಲೆ ಕೌಂಟರಿನ ಮುಂದೆ ಅಳುವವರನ್ನು ಮೂವತ್ತು ವರ್ಷದಿಂದ ನೋಡ್ತಿದ್ದೇನೆ.

ಇನ್ನು ನಮ್ಮ ಪದಾಧಿಕಾರಿಗಳಿಗೆ. ಶಾಲು ನೀವೇ ಇಟ್ಟುಕೊಳ್ಳಿ, ಅದನ್ನು ಕೇಳೋಕೆ ಬಂದಿಲ್ಲ. ಬರುವ ವಾರ್ಷಿಕೋತ್ಸವದಲ್ಲಿ ಹಾಲಿನ ಹೊರಗೆ ಕಾಫಿ ಕೊಡುವ ಜಾಗದ ಪಕ್ಕ ಒಂದು ಮೇಜು ಕೊಡಿ ಸಾಕು. ಮಕ್ಕಳು ತಾವು ಕಟ್ಟಿದ್ದನ್ನು ಅಲ್ಲಿ ಇಡ್ತಾರೆ, ಕಾಫಿ ಕುಡಿಯೋಕೆ ಬಂದವರು ಐದು ನಿಮಿಷ ಕೂತು ಆಡಿ ನೋಡಲಿ. ಬರೇ ನೋಡೋದಲ್ಲ, ಆಡಬೇಕು. ಸೋತರೆ ಯಾಕೆ ಸೋತ್ವಿ ಅಂತ ಆ ಹುಡುಗನ ಹತ್ತಿರವೇ ಕೇಳಲಿ. ಲ್ಯಾಪ್‌ಟಾಪ್ ಎರಡು ನಾನು ಹೊಂದಿಸಿ ತರ್ತೇನೆ. ಎಕ್ಸ್‌ಟೆನ್ಷನ್ ಬೋರ್ಡು ಮಾತ್ರ ಸಂಘದ್ದೇ ಆಗಲಿ, ಹೋದ ಸಲ ಮೈಕಿನವರು ನಮ್ಮ ಮನೆಯದ್ದನ್ನು ಒಯ್ದವರು ಇನ್ನೂ ವಾಪಸ್ ಕೊಟ್ಟಿಲ್ಲ.