ನಮ್ಮ ಶಾಲೆಯ ವಾರ್ತೆಗಳು

ಸರ್ಕಾರಿ ಪ್ರೌಢಶಾಲೆಯ ಬೆಳಗಿನ ಪ್ರಾರ್ಥನೆಗೆ ಒಂದು ಕ್ರಮವಿದೆ. ನಾಡಗೀತೆ, ಸಂವಿಧಾನ ಪೀಠಿಕೆ, ಸುಭಾಷಿತ, ಪಂಚಾಂಗ, ಆಮೇಲೆ ವಾರ್ತೆಗಳು. ಬೆಂಗಳೂರಿನ ಕಾಡುಗೋಡಿ ಕಡೆಯ ಶಾಲೆಯೊಂದರಲ್ಲಿ ಈಚೆಗೆ ವಾರ್ತೆ ಓದುವ ಸರದಿ ಒಂಬತ್ತನೇ ತರಗತಿಯ ಹುಡುಗಿಯದಾಗಿತ್ತು. ಪೇಪರಿನ ತಲೆಬರಹಗಳನ್ನು ನೋಟ್‌ಬುಕ್ಕಿನ ಹಾಳೆಯೊಂದಕ್ಕೆ ಇಳಿಸಿಕೊಂಡು ಬಂದಿದ್ದಳು. ರಾಜ್ಯ ವಾರ್ತೆ ಆಯಿತು, ರಾಷ್ಟ್ರೀಯ ವಾರ್ತೆ ಆಯಿತು, ಅಂತಾರಾಷ್ಟ್ರೀಯಕ್ಕೆ ಬಂದಾಗ ಒಬ್ಬ ಪ್ರಧಾನಿಯ ಹೆಸರಿನಲ್ಲಿ ನಾಲಗೆ ತೊಡರಿ, ಎರಡನೇ ಸಲ ಸರಿಮಾಡಿಕೊಂಡಳು. ಕ್ರೀಡಾ ವಾರ್ತೆ ಅಂದ ಕೂಡಲೇ ಹುಡುಗರ ಸಾಲಿಗೆ ಜೀವ ಬಂತು. ‘ಇಲ್ಲಿಗೆ ವಾರ್ತೆಗಳು ಮುಕ್ತಾಯವಾದವು, ಧನ್ಯವಾದಗಳು’ ಎಂದು ಹಾಳೆ ಮಡಚಿದಳು.

ಅದೇ ವಾರ ಆ ಶಾಲೆಯ ಎಂಟನೇ ತರಗತಿಯ ಹುಡುಗನೊಬ್ಬ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ಮಿಮಿಕ್ರಿಗೆ ಮೊದಲ ಬಹುಮಾನ ಗೆದ್ದಿದ್ದ. ವಿಜ್ಞಾನದ ಮೇಷ್ಟರು ವರ್ಗವಾಗಿ ಹೋಗಿದ್ದರು, ಅವರ ಜಾಗಕ್ಕೆ ಅತಿಥಿ ಶಿಕ್ಷಕರು ಬರುವುದಿತ್ತು. ವಿದ್ಯಾರ್ಥಿವೇತನವೊಂದಕ್ಕೆ ಅರ್ಜಿ ಹಾಕುವ ಕೊನೆಯ ದಿನ ಹತ್ತಿರವಾಗಿತ್ತು. ಇವು ಯಾವುವೂ ವಾರ್ತೆಯಲ್ಲಿರಲಿಲ್ಲ. ದಿಲ್ಲಿಯ ಸುದ್ದಿ, ಕೀವ್ ಸುದ್ದಿ ಓದುವ ಶಾಲೆಗೆ ತನ್ನದೇ ಸುದ್ದಿ ಓದುವ ರೂಢಿಯಿಲ್ಲ.

ಸುದ್ದಿ ಇಲ್ಲದೆ ಅಲ್ಲ. ಸರ್ಕಾರಿ ಶಾಲೆಯಷ್ಟು ವರದಿ ಒಪ್ಪಿಸುವ ಸಂಸ್ಥೆ ಇನ್ನೊಂದು ಸಿಗಲಿಕ್ಕಿಲ್ಲ. ಎಷ್ಟು ಮಕ್ಕಳು ಬಿಸಿಯೂಟ ಮಾಡಿದರು, ಎಷ್ಟು ಮಂದಿ ಮೊಟ್ಟೆ ತಿಂದರು, ಎಷ್ಟು ಮಂದಿ ಬಾಳೆಹಣ್ಣು ತೆಗೆದುಕೊಂಡರು, ಹಾಲಿನ ಪುಡಿ ಎಷ್ಟು ಉಳಿಯಿತು, ಎಲ್ಲಕ್ಕೂ ಲೆಕ್ಕ ಹೋಗಬೇಕು. ಒಂದೊಂದು ಮಗುವಿಗೂ ಸ್ಯಾಟ್ಸ್ ಸಂಖ್ಯೆಯಿದೆ, ಇಡೀ ಶಾಲೆಗೆ ಹನ್ನೊಂದು ಅಂಕಿಯ ಯುಡೈಸ್ ಕೋಡ್ ಇದೆ. ಗಿಡ ನೆಟ್ಟರೆ ಫೋಟೊ, ಜಯಂತಿ ಮಾಡಿದರೆ ಫೋಟೊ, ಕೈ ತೊಳೆದರೆ ಫೋಟೊ. ಎಲ್ಲವೂ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಗ್ರೂಪಿಗೆ, ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ. ಮುಖ್ಯ ಶಿಕ್ಷಕರ ಅರ್ಧ ದಿನ ಇದಕ್ಕೇ ಹೋಗುತ್ತದೆ ಅಂದರೆ ಉತ್ಪ್ರೇಕ್ಷೆಯಲ್ಲ. ಆದರೆ ಈ ಸುದ್ದಿಯ ಹೊಳೆ ಹರಿಯುವುದು ಒಂದೇ ದಿಕ್ಕಿಗೆ. ಗೇಟಿನಾಚೆ ಕೂಗಳತೆಯಲ್ಲಿರುವ ಪೋಷಕರ ಮನೆಗೆ ಒಂದು ಚೀಟಿಯೂ ಬರುವುದಿಲ್ಲ.

ನೋಟಿಸ್ ಬೋರ್ಡ್ ಇದೆಯಲ್ಲ ಅನ್ನಬಹುದು. ಗಾಜಿನ ಬಾಗಿಲಿನ, ಬೀಗ ಹಾಕಿದ, ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆ ಮುಖ್ಯ ಶಿಕ್ಷಕರ ಕೊಠಡಿಯ ಪಕ್ಕದಲ್ಲೇ ಇದೆ. ಅದರಲ್ಲಿ ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯ ಜೆರಾಕ್ಸ್, ಬಿಸಿಯೂಟದ ಮೆನು, ಅಧಿಕಾರಿಗಳ ಫೋನ್ ನಂಬರುಗಳು, ಪಿನ್ನು ಬಿದ್ದುಹೋಗಿ ಮೂಲೆ ಸುರುಟಿದ ಒಂದು ಸುತ್ತೋಲೆ. ಸುತ್ತೋಲೆಯ ‘ಉಲ್ಲೇಖ’ದ ಸಾಲುಗಳೇ ಆರು, ವಿಷಯಕ್ಕೆ ಬರುವಷ್ಟರಲ್ಲಿ ಓದುವವರು ಇಳಿದುಹೋಗಿರುತ್ತಾರೆ. ಆ ಗಾಜಿನ ಮುಂದೆ ನಿಂತು ಓದಬೇಕಾದ ತಾಯಿ ಬೆಳಿಗ್ಗೆ ಆರಕ್ಕೇ ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗಿರುತ್ತಾರೆ.

ಅಲ್ಲೇ ಹತ್ತಿರದ ಚನ್ನಸಂದ್ರದ ಹಿಂಬದಿಯ ಶೀಟಿನ ಮನೆಗಳ ಸಾಲಿನಲ್ಲಿ ಅಂಥ ಒಬ್ಬ ತಾಯಿ ಮಾತಿಗೆ ಸಿಕ್ಕರು. ಊರು ದೇವದುರ್ಗದ ಕಡೆ. ಮಗಳು ಎಂಟನೇ ತರಗತಿ, ಓದಿನಲ್ಲಿ ಮುಂದು. ಶಾಲೆಯ ಸುದ್ದಿ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ‘ನಮಗ ಯಾರ್ ಹೇಳ್ತಾರ್ರಿ? ಹುಡುಗಿ ಹೇಳಿದ್ರ ಗೊತ್ತಾಗ್ತದ, ಇಲ್ಲಂದ್ರ ಇಲ್ಲ. ಫೋನು ನಮ್ಮ ಮನಿಯವರ ಕೈಯಾಗ ಇರ್ತದ, ಅವರು ಬರೋದು ರಾತ್ರಿಗೇ.’ ಎನ್‌ಎಂಎಂಎಸ್ ಪರೀಕ್ಷೆಯ ಹೆಸರು ಕೇಳಿದ್ದೀರಾ ಅಂದೆ. ‘ಅದೇನ್ರಿ ಅದು?’

ಅದೇನೆಂದರೆ, 2008ರಲ್ಲಿ ಶುರುವಾದ ಕೇಂದ್ರದ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆಂದೇ ಇರುವ ಪರೀಕ್ಷೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12 ಸಾವಿರ, ನಾಲ್ಕು ವರ್ಷಕ್ಕೆ 48 ಸಾವಿರ ರೂಪಾಯಿ. ಅರ್ಜಿ ಹೋಗಬೇಕಾದದ್ದು ಶಾಲೆಯ ಮೂಲಕ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆಯಬೇಕು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿರಬೇಕು. ಇದಕ್ಕೆಲ್ಲ ಕೂಲಿ ಬಿಟ್ಟು ಓಡಾಡಬೇಕಾದ ಮನೆಗೆ ಒಂದು ತಿಂಗಳಾದರೂ ಮೊದಲು ತಿಳಿದಿರಬೇಡವೇ? ಮೂರು ದಿನ ಇರುವಾಗ ತರಗತಿಯಲ್ಲಿ ‘ನಾಳೆ ಇನ್‌ಕಮ್ ಸರ್ಟಿಫಿಕೇಟ್ ತನ್ನಿ’ ಅಂದರೆ, ತರುವವರು ಈಗಾಗಲೇ ಮಾಡಿಸಿಟ್ಟುಕೊಂಡವರು ಮಾತ್ರ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಬರುವ ಶೈಕ್ಷಣಿಕ ಸಹಾಯಧನದ್ದೂ ಇದೇ ಕಥೆ. ಈ ಭಾಗದ ಅಪಾರ್ಟ್‌ಮೆಂಟು, ಟೆಕ್‌ಪಾರ್ಕುಗಳನ್ನೆಲ್ಲ ಕಟ್ಟಿದ ಕೈಗಳಿಗೆ ತಮ್ಮ ಮಕ್ಕಳ ಹೆಸರಿನಲ್ಲಿ ದುಡ್ಡು ಇಟ್ಟಿದ್ದಾರೆ ಅನ್ನುವುದನ್ನು ಸೈಬರ್ ಸೆಂಟರಿನ ಹುಡುಗ ಹೇಳಬೇಕು, ಅದೂ ಕಮಿಷನ್ ಇಟ್ಟುಕೊಂಡು.

ಇದಕ್ಕಿಂತ ಹೊಟ್ಟೆ ಉರಿಸುವುದು ಎಸ್‌ಎಸ್‌ಎಲ್‌ಸಿ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಬಂತು. ಒಂದರಲ್ಲಿ ಹೋದರೆ ಎರಡು, ಅದರಲ್ಲೂ ಹೋದರೆ ಮೂರು ಎಂಬ ಲೆಕ್ಕ. ಹೆಚ್ಚು ಬಂದ ಅಂಕ ಉಳಿಯುತ್ತದೆ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ವರ್ಷ, 2024ರಲ್ಲಿ, ಮೊದಲ ಪರೀಕ್ಷೆಯ ಫಲಿತಾಂಶ ಕೃಪಾಂಕ ಸೇರಿಸಿಯೂ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಕೃಪಾಂಕವೂ ಇಲ್ಲದೆ ಶೇ 66.14. ಅಂದರೆ ನೂರರಲ್ಲಿ ಮೂವತ್ತನಾಲ್ಕು ಮಕ್ಕಳ ಮನೆಯಲ್ಲಿ ಅವತ್ತು ‘ಫೇಲ್’ ಎಂಬ ಮಾತು ಬಿತ್ತು. ಆ ಮಾತು ಬಿದ್ದ ಮನೆಗೆ ಎರಡನೇ ಪರೀಕ್ಷೆಯ ತಾರೀಕು, ಅದಕ್ಕೆ ನಡೆಯುವ ವಿಶೇಷ ತರಗತಿಯ ವೇಳೆ ಯಾರು ಮುಟ್ಟಿಸಬೇಕು? ಈ ಪ್ರದೇಶದಲ್ಲಿ ಕೆಲಸಕ್ಕೆ ಕರೆಯುವವರಿಗೆ ಬರವಿಲ್ಲ. ಗೋದಾಮಿದೆ, ಪ್ಯಾಕಿಂಗ್ ಇದೆ, ಕಾರು ತೊಳೆಯುವುದಿದೆ. ಹದಿನಾರರ ಹುಡುಗ ಒಮ್ಮೆ ದುಡಿಮೆಯ ರುಚಿ ಕಂಡರೆ ಸಮಾಜ ವಿಜ್ಞಾನದ ಪೇಪರಿಗೆ ಮರಳುವುದು ಕಷ್ಟ. ಈಗ ಉತ್ತೀರ್ಣದ ನಿಯಮವೂ ಬದಲಾಗಿದೆ: ಪ್ರತಿ ವಿಷಯದಲ್ಲಿ ಶೇ 30, ಒಟ್ಟಾರೆ ಶೇ 33, ಅಂದರೆ 625ಕ್ಕೆ 206. ಇದು ಟೀವಿಯಲ್ಲಿ ಬಂತು, ಪೇಪರಿನಲ್ಲಿ ಬಂತು. ಶಾಲೆಯಿಂದ ಮನೆಗೆ ಬರಲಿಲ್ಲ.

2025ರ ದಸರಾ ರಜೆ ನೆನಪಿಸಿಕೊಳ್ಳಿ. ಅಕ್ಟೋಬರ್ 8ಕ್ಕೆ ಶಾಲೆ ತೆರೆಯಬೇಕಿತ್ತು. ಹಿಂದಿನ ದಿನ ಸರ್ಕಾರ, ಮೇಷ್ಟರೆಲ್ಲ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಯಲ್ಲಿದ್ದಾರೆಂದು ರಜೆಯನ್ನು 18ರವರೆಗೆ ಎಳೆಯಿತು. ರಾಯಚೂರು, ಯಾದಗಿರಿಗೆ ಹಬ್ಬಕ್ಕೆ ಹೋದವರು ರಾತ್ರಿ ಬಸ್ಸಿನಲ್ಲಿ ಮಕ್ಕಳನ್ನು ಕರೆದುಕೊಂಡು ಬಂದು, ಬೆಳಿಗ್ಗೆ ಗೇಟಿಗೆ ಬೀಗ ಕಂಡರೆ ಯಾರನ್ನು ಬೈಯಬೇಕು? ಹಿಂದಿನ ದಿನ ಹೊರಟ ಆದೇಶವನ್ನು ಅಚ್ಚಿನ ಹಾಳೆ ಮುಟ್ಟಿಸಲಾರದು, ನಿಜ. ಮಿಕ್ಕ ದಿನಗಳಲ್ಲಿ ಶಾಲೆಗೂ ಮನೆಗೂ ಮಾತುಕತೆಯ ದಾರಿಯೊಂದು ಇದ್ದಿದ್ದರೆ, ಇಂಥ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಿ ಕೇಳಬೇಕೆಂಬುದಾದರೂ ಗೊತ್ತಿರುತ್ತಿತ್ತು. ಅದೇ ವರ್ಷದ ನವೆಂಬರ್ 14ಕ್ಕೆ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಪೋಷಕರ–ಶಿಕ್ಷಕರ ಮಹಾಸಭೆ ಕರೆದರು. ಒಳ್ಳೆಯ ಕೆಲಸವೇ. ಆದರೆ ಅದು ಶುಕ್ರವಾರ. ದಿನಗೂಲಿಯವರಿಗೆ ಸಭೆಯೆಂದರೆ ಒಂದು ದಿನದ ಸಂಬಳ.

ಪಕ್ಕದಲ್ಲೇ, ಒಂದು ಮೆಟ್ರೊ ನಿಲ್ದಾಣದ ದೂರದಲ್ಲಿ, ಇಂಟರ್‌ನ್ಯಾಷನಲ್ ಎಂದು ಬೋರ್ಡು ಹಾಕಿಕೊಂಡ ಶಾಲೆಗಳಿವೆ. ಅಲ್ಲಿನ ಪೋಷಕರ ಮೊಬೈಲಿನಲ್ಲಿ ಆ್ಯಪ್. ಬಸ್ಸು ಹೋಪ್‌ಫಾರಂ ದಾಟಿತು ಎಂಬುದರಿಂದ ಹಿಡಿದು ನಾಳೆ ಹಳದಿ ಬಣ್ಣದ ಬಟ್ಟೆ ಹಾಕಿ ಕಳಿಸಿ ಎಂಬುದರವರೆಗೆ ಸಂದೇಶ ಬರುತ್ತಲೇ ಇರುತ್ತದೆ. ಅಲ್ಲಿನವರ ಗೋಳು ಬೇರೆ: ಸಾಕಪ್ಪಾ ಸಾಕು. ಸರ್ಕಾರಿ ಶಾಲೆಗೂ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದರಾಯಿತು ಅನ್ನುವವರಿದ್ದಾರೆ. ಮಾಡಿದ್ದಾರೆ ಕೂಡ. ಗುಡ್ ಮಾರ್ನಿಂಗ್ ಹೂಗುಚ್ಛ, ದೇವರ ಪಟ, ಯಾರದೋ ಸಾಲದ ಜಾಹೀರಾತಿನ ನಡುವೆ ಅರ್ಜಿಯ ತಾರೀಕು ಮುಳುಗುತ್ತದೆ. ಡೇಟಾ ಮುಗಿದರೆ ಅದೂ ಇಲ್ಲ. ಫೋನು ಅಪ್ಪನದು, ಮಕ್ಕಳ ಓದು ನೋಡಿಕೊಳ್ಳುವವಳು ಅಮ್ಮ.

ಆ್ಯಪ್, ಗ್ರೂಪ್ ಬಿಟ್ಟು ಇನ್ನೊಂದು ದಾರಿಯಿದೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ, ಕುರಿ ಸಾಕಿ ಗೋಧಿ ಬೆಳೆಯುವ ಸಣ್ಣ ಊರುಗಳಲ್ಲಿ, ಪ್ರೌಢಶಾಲೆಯೇ ಒಂದು ಸುದ್ದಿಪತ್ರ ಹೊರಡಿಸುವ ವಾಡಿಕೆಯಿದೆ. ಪ್ರಿನ್ಸಿಪಾಲರ ನಾಲ್ಕು ಮಾತು, ಯಾವ ಕ್ಲಾಸು ಯಾವ ಪ್ರವಾಸಕ್ಕೆ ಹೋಯಿತು, ಓಟದಲ್ಲಿ ಯಾರು ಗೆದ್ದರು, ಸ್ಕೂಲ್ ಬಸ್ಸಿನ ಮಾರ್ಗ ಯಾವಾಗ ಬದಲು, ಕ್ಯಾಂಟೀನಿನಲ್ಲಿ ಕೈಜೋಡಿಸುವ ಸರದಿ ಯಾವ ಪೋಷಕರದು, ಮುಂದಿನ ವಾರಗಳಲ್ಲಿ ಏನೇನಿದೆ. ತೀರಾ ಸಾಮಾನ್ಯ ಸಂಗತಿಗಳು. ಒಂದು ತೋಟಕ್ಕೂ ಇನ್ನೊಂದಕ್ಕೂ ಮೈಲಿಗಟ್ಟಲೆ ದೂರವಿರುವ ಸೀಮೆಯಲ್ಲಿ ಊರೆಲ್ಲ ಅದನ್ನು ಓದುತ್ತದೆ. ನಮ್ಮಲ್ಲಿ ಮನೆಗಳ ನಡುವೆ ಎರಡಡಿ ಜಾಗವಿಲ್ಲ, ಶಾಲೆಗೂ ಮನೆಗೂ ಮಾತ್ರ ಮೈಲಿಗಟ್ಟಲೆ ದೂರ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ತಿಂಗಳಿಗೊಂದು ಹಾಳೆ. ಒಂದು ಮಗ್ಗುಲಲ್ಲಿ ಆದದ್ದು, ಇನ್ನೊಂದರಲ್ಲಿ ಆಗಲಿರುವುದು. ಮಕ್ಕಳೇ ಬರೆಯಲಿ, ಕನ್ನಡದ ಮೇಷ್ಟರು ಒತ್ತಕ್ಷರ ತಿದ್ದಲಿ, ಶಾಲೆಯಲ್ಲೇ ಜೆರಾಕ್ಸ್ ಆಗಲಿ. ಕೈಬರಹದ ಪತ್ರಿಕೆ, ಗೋಡೆ ಪತ್ರಿಕೆ ನಮ್ಮ ಶಾಲೆಗಳಿಗೆ ಹೊಸದಲ್ಲ. ಶಾಲೆಯ ಮುಖವನ್ನೇ ಸರಿಯಾಗಿ ಕಾಣದ ದುಡಿಯುವ ಮಕ್ಕಳಿಗಾಗಿ ಇದೇ ಬೆಂಗಳೂರಿನಿಂದ ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆ ಬರುತ್ತಿತ್ತು. ಆದರೆ ಶಾಲೆಗಳ ಗೋಡೆ ಪತ್ರಿಕೆಯಲ್ಲಿ ಇರುವುದು ಬಹಳ ಸಲ ಪರಿಸರ ದಿನದ ಕವನ, ಗಾಂಧೀಜಿಯ ಚಿತ್ರ. ಚಂದವೇ, ಅದು ಇರಲಿ. ಅದರ ಪಕ್ಕದಲ್ಲಿ ತಾರೀಕುಗಳೂ ಬರಲಿ.

ಕನ್ನಡ ಓದಲು ಬಾರದ ಪೋಷಕರು? ಇಲ್ಲಿನ ತರಗತಿಗಳಲ್ಲಿ ತೆಲುಗು, ತಮಿಳು, ಹಿಂದಿ, ನೇಪಾಳಿ ಮನೆಮಾತಿನ ಮಕ್ಕಳಿದ್ದಾರೆ. ಅವರ ಅಪ್ಪ–ಅಮ್ಮನಿಗೆ ಕನ್ನಡ ಅಕ್ಷರ ಬಾರದು, ಮಕ್ಕಳಿಗೆ ಬರುತ್ತದೆ. ಮಗಳು ಕನ್ನಡದ ಹಾಳೆ ಹಿಡಿದು ಅಮ್ಮನಿಗೆ ತೆಲುಗಿನಲ್ಲಿ ಹೇಳಲಿ. ಕನ್ನಡ ಕಲಿಕೆ ಕಡ್ಡಾಯ ಮಾಡುವ ಕಾನೂನು 2015ರಲ್ಲೇ ಬಂದಿದೆ. ಕಲಿತ ಕನ್ನಡದಿಂದ ಆ ಮಗು ಮನೆಗೆ ಮೊದಲ ಸಲ ಉಪಯೋಗಕ್ಕೆ ಬರುವುದು ಇಲ್ಲಿರಬಹುದು. ಓದಿ ಹೇಳಿದ ಮೇಲೆ ಅಮ್ಮನಿಂದ ಹಾಳೆಯ ತುದಿಗೆ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡು ಬಂದರೆ, ಸುದ್ದಿ ಮುಟ್ಟದ ಮನೆ ಯಾವುದೆಂದು ಮೇಷ್ಟರಿಗೂ ಗೊತ್ತಾಗುತ್ತದೆ.

ಇನ್ನೊಂದು ವಿಚಿತ್ರ ಹೇಳಬೇಕು. ಕಾಡುಗೋಡಿ ಬಿಟ್ಟು ಹೊಸಕೋಟೆ ದಿಕ್ಕಿಗೆ ಸ್ವಲ್ಪ ಹೋದರೆ ಕನ್ನಮಂಗಲ ಗ್ರಾಮ ಪಂಚಾಯಿತಿ. ಅಲ್ಲಿನ ಮಕ್ಕಳಿಗೆ ಮಕ್ಕಳ ಗ್ರಾಮಸಭೆಯಿದೆ; ಪಂಚಾಯಿತಿಗಳು ಅದನ್ನು ನಡೆಸಬೇಕೆಂದು 2006ರಲ್ಲೇ ರಾಜ್ಯ ಸರ್ಕಾರ ಹೇಳಿದೆ. ವರ್ಷಕ್ಕೊಮ್ಮೆಯಾದರೂ ಮಕ್ಕಳು ಅಧ್ಯಕ್ಷರ ಎದುರು ನಿಂತು ನಮ್ಮ ಶಾಲೆಗೆ ಕಾಂಪೌಂಡಿಲ್ಲ, ದಾರಿಯಲ್ಲಿ ದೀಪವಿಲ್ಲ ಎಂದು ಕೇಳಬಹುದು. 2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡರು. ಈಗ ಗ್ರೇಟರ್ ಬೆಂಗಳೂರು, ಐದು ಪಾಲಿಕೆ. ಸಿಟಿಗೆ ಸೇರಿದ ಮಕ್ಕಳಿಗೆ ಅಂಥ ಸಭೆಯೇ ಇಲ್ಲ. ಪೋಷಕರಿಗೆಂದು 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಅದರ ನಡಾವಳಿ ಪುಸ್ತಕವೂ ಇದೆ. ಆ ಪುಸ್ತಕ ಇರುವುದು ಬೀರುವಿನಲ್ಲಿ. ತಿಂಗಳ ಹಾಳೆಯಲ್ಲಿ ಅದರ ನಾಲ್ಕು ಸಾಲು ಬಂದರೆ, ಸಮಿತಿಯಲ್ಲಿ ಯಾರಿದ್ದಾರೆ ಎಂದಾದರೂ ಊರಿಗೆ ತಿಳಿದೀತು.

ಈ ಹಾಳೆಯ ಮಾತನ್ನು ಪರಿಚಯದ ಮುಖ್ಯ ಶಿಕ್ಷಕರೊಬ್ಬರ ಮುಂದಿಟ್ಟೆ. ಮೊದಲು ಖುಷಿಪಟ್ಟರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಬಹುಮಾನ, ಪ್ರವಾಸ ಎಲ್ಲಾ ಹಾಕ್ಬೋದು ಸಾರ್. ಆದ್ರೆ ಮಕ್ಕಳು ಟಾಯ್ಲೆಟ್‌ನಲ್ಲಿ ನೀರು ಬರ್ತಿಲ್ಲ ಅಂತ ಬರೆದ್ರೆ? ಗಣಿತಕ್ಕೆ ಎರಡು ತಿಂಗಳಿಂದ ಮೇಷ್ಟ್ರಿಲ್ಲ ಅಂತ ಬರೆದ್ರೆ? ಅದು ಫೋಟೊ ಆಗಿ ಎಲ್ಲೆಲ್ಲೋ ಹೋಗುತ್ತೆ, ನೋಟಿಸ್ ಬರೋದು ನನಗೆ.’ ಅವರ ಭಯ ಸುಳ್ಳಲ್ಲ. ಅದಕ್ಕೇ ಈ ಹಾಳೆಗೆ ಮೊದಲು ಬೇಕಾಗಿರುವುದು ದುಡ್ಡಲ್ಲ, ಇಲಾಖೆಯಿಂದ ಎರಡು ಸಾಲಿನ ಒಂದು ಆದೇಶ: ಶಾಲೆ ತನ್ನ ಸುದ್ದಿಯನ್ನು ಪೋಷಕರಿಗೆ ತಾನೇ ಪ್ರಕಟಿಸಬಹುದು, ಇದ್ದದ್ದನ್ನು ಇದ್ದಂತೆ ಬರೆದದ್ದಕ್ಕೆ ಯಾರಿಗೂ ಕಾರಣ ಕೇಳುವ ನೋಟಿಸ್ ಹೋಗುವುದಿಲ್ಲ. ಉಲ್ಲೇಖದ ಆರು ಸಾಲು ಬೇಕಾದರೆ ಮೇಲೆ ಹಾಕಿಕೊಳ್ಳಲಿ, ಅಭ್ಯಂತರವಿಲ್ಲ. ಆದೇಶ ಬಂದ ತಿಂಗಳು ಎನ್‌ಎಂಎಂಎಸ್ ಅರ್ಜಿಯ ತಾರೀಕೂ ನಲ್ಲಿಯ ಸುದ್ದಿಯೂ ಒಂದೇ ಹಾಳೆಯಲ್ಲಿ ಚನ್ನಸಂದ್ರದ ಶೀಟಿನ ಮನೆಗಳಿಗೆ ಹೋಗಲಿ.