ಫ್ಯಾಂಟಸಿ ಲೀಗ್: ಗೆಲ್ಲಿಸುವುದು ಬುದ್ಧಿಯೋ, ಅದೃಷ್ಟವೋ? ಬೇಸ್‌ಬಾಲ್ ಗೆಳೆಯರ ಬಳಗ ಹೇಳುವ ಲೆಕ್ಕ

‘ಇದು ಅದೃಷ್ಟದ ಆಟವಲ್ಲ, ಬುದ್ಧಿಯ ಆಟ. ಸತತ ಎರಡು ಸಲ ಗೆದ್ದವರ ತಂಡ ನೋಡಿ, ನೀವೂ ಗೆಲ್ಲಿ.’ ಫ್ಯಾಂಟಸಿ ಲೀಗ್‌ಗಳ ಬಗ್ಗೆ ಇಂಥ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುತ್ತಲೇ ಇರುತ್ತವೆ. ‘ಇದೆಲ್ಲ ಬರೀ ಲಾಟರಿ’ ಎನ್ನುವ ಸಂದೇಶಗಳೂ ಇವೆ. ಎರಡರಲ್ಲಿ ಯಾವುದು ನಿಜ?

ಇದನ್ನು ತಿಳಿಯಲು ಈ ಆಟದ ತವರಾದ ಅಮೆರಿಕದ ಫ್ಯಾಂಟಸಿ ಬೇಸ್‌ಬಾಲ್ ಅನ್ನು ನೋಡೋಣ. ನಮ್ಮಲ್ಲಿ ಆಡುವ ಫ್ಯಾಂಟಸಿ ಕ್ರಿಕೆಟ್‌ಗೂ ಅದೇ ಬೇರು. ಅಲ್ಲಿ ನಾಲ್ಕು ದಶಕಗಳಿಂದ ಗೆಳೆಯರ ಬಳಗಗಳು ಆಡುತ್ತಿವೆ, ಜಗಳವನ್ನೂ ಆಡುತ್ತಿವೆ.

ಆಟ ಶುರುವಾಗಿದ್ದು ಹೇಗೆ?

ಡ್ಯಾನಿಯಲ್ ಓಕ್ರೆಂಟ್ ಎಂಬ ಅಮೆರಿಕದ ಬರಹಗಾರ 1980ರಲ್ಲಿ ಗೆಳೆಯರನ್ನು ಸೇರಿಸಿಕೊಂಡು ಒಂದು ಆಟ ಹುಟ್ಟುಹಾಕಿದರು. ನ್ಯೂಯಾರ್ಕ್‌ನ ‘ಲಾ ರೋಟಿಸ್ಸೆರಿ ಫ್ರಾಂಸೇಸ್’ ಎಂಬ ಹೋಟೆಲಿನಲ್ಲಿ ಊಟಕ್ಕೆ ಸೇರುತ್ತಿದ್ದ ಬಳಗ ಅದು. ಹಾಗಾಗಿ ಲೀಗಿಗೆ ‘ರೋಟಿಸ್ಸೆರಿ’ ಎಂಬ ಹೆಸರೇ ಉಳಿಯಿತು.

ಐಪಿಎಲ್ ಹರಾಜು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಂದು ಇಂಥ ಲೀಗ್‌ಗಳಲ್ಲಿ ರೂಢಿಯಲ್ಲಿರುವ ನಿಯಮದಂತೆ ಪ್ರತಿಯೊಬ್ಬರ ಬಳಿ ಲೆಕ್ಕಕ್ಕೆ 260 ಡಾಲರ್ ಇರುತ್ತದೆ. ಅದರಲ್ಲಿ ನಿಜವಾದ ಆಟಗಾರರ ಹೆಸರುಗಳನ್ನು ಹರಾಜಿನಲ್ಲಿ ಕೂಗಿ, 23 ಜನರ ತಂಡ ಕಟ್ಟಬೇಕು. ಆ ಆಟಗಾರರು ಮೈದಾನದಲ್ಲಿ ಏನು ಮಾಡುತ್ತಾರೋ ಅದೇ ನಿಮ್ಮ ಅಂಕ. ಹೋಮ್ ರನ್, ಬ್ಯಾಟಿಂಗ್ ಸರಾಸರಿ ಹೀಗೆ ಮೊದಲಿಗೆ 8 ವಿಭಾಗಗಳಿದ್ದವು. ಹತ್ತು ತಂಡಗಳಿದ್ದರೆ, ಒಂದು ವಿಭಾಗದಲ್ಲಿ ಮೊದಲು ಬಂದವರಿಗೆ 10 ಅಂಕ, ಕೊನೆಯವರಿಗೆ 1. ಎಲ್ಲವನ್ನೂ ಕೂಡಿದಾಗ ಯಾರ ಅಂಕ ಹೆಚ್ಚೋ ಅವರು ಚಾಂಪಿಯನ್. ಗೆದ್ದವರ ತಲೆ ಮೇಲೆ ಚಾಕೊಲೇಟ್ ಪಾನೀಯ ಸುರಿಯುವುದು ಆ ಬಳಗದ ಸಂಪ್ರದಾಯ.

ಒಂದು ಸ್ವಾರಸ್ಯವಿದೆ. ಆಟವನ್ನು ಕಂಡುಹಿಡಿದ ಓಕ್ರೆಂಟ್ ತಮ್ಮದೇ ಲೀಗನ್ನು ಒಮ್ಮೆಯೂ ಗೆಲ್ಲಲಿಲ್ಲ! ಪಿಚರ್‌ಗಳನ್ನು ಅಳೆಯಲು ಇಂದಿಗೂ ಬಳಸುವ ‘ವಿಪ್’ ಎಂಬ ಅಂಕಿಯನ್ನು ರೂಪಿಸಿದವರೂ ಅವರೇ. ಅಂದರೆ ತಿಳಿವಳಿಕೆಗೇನೂ ಕೊರತೆ ಇರಲಿಲ್ಲ.

ತಿಳಿದವರೂ ಸೋಲುವುದೇಕೆ?

ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಸರಾಸರಿ ಎಂದರೆ ಕ್ರಿಕೆಟ್‌ನಂತೆ ರನ್ ಲೆಕ್ಕವಲ್ಲ. ಬ್ಯಾಟರ್ ಎಷ್ಟು ಅವಕಾಶಗಳಲ್ಲಿ ಎಷ್ಟು ಬಾರಿ ಚೆಂಡನ್ನು ಸರಿಯಾಗಿ ಹೊಡೆದು ಬೇಸ್ ತಲುಪಿದ ಎಂಬ ಲೆಕ್ಕ. ಶೇ 30 ಇದ್ದರೆ ತಾರೆ, ಶೇ 25 ಇದ್ದರೆ ಸಾಧಾರಣ.

ವರ್ಷಕ್ಕೆ 500 ಅವಕಾಶ ಎಂದುಕೊಳ್ಳಿ. ತಾರೆಗೆ 150 ಹಿಟ್, ಸಾಧಾರಣ ಆಟಗಾರನಿಗೆ 125. ವ್ಯತ್ಯಾಸ 25 ಮಾತ್ರ. ಸೀಸನ್ ಸುಮಾರು ಆರು ತಿಂಗಳು ನಡೆಯುವುದರಿಂದ ವಾರಕ್ಕೆ ಒಂದೇ ಒಂದು ಹಿಟ್ ಹೆಚ್ಚು!

ಈಗ ಅದೃಷ್ಟದ ಪಾಲು ನೋಡಿ. ನಾಣ್ಯವನ್ನು 100 ಸಲ ಚಿಮ್ಮಿದರೆ ಸರಿಯಾಗಿ 50 ಸಲವೇ ತಲೆ ಬೀಳುವುದಿಲ್ಲ. ಹಾಗೆಯೇ ಶೇ 27ರ ಸಾಮರ್ಥ್ಯದ ಆಟಗಾರನಿಗೆ 500 ಅವಕಾಶಗಳಲ್ಲಿ 135 ಹಿಟ್ ಬರಬೇಕು. ಆದರೆ ಸಂಖ್ಯಾಶಾಸ್ತ್ರದ ಪ್ರಕಾರ 10 ಹಿಟ್ ಹೆಚ್ಚು ಕಡಿಮೆ ಆಗುವುದು ತೀರಾ ಸಾಮಾನ್ಯ. ಆಟಗಾರ ಒಂದಿಷ್ಟೂ ಬದಲಾಗದೆ ಒಂದು ವರ್ಷ ಶೇ 25, ಇನ್ನೊಂದು ವರ್ಷ ಶೇ 29 ತೋರಿಸಬಹುದು. ಕಳೆದ ವರ್ಷದ ಹೀರೊನನ್ನು ಹರಾಜಿನಲ್ಲಿ ದುಬಾರಿ ಬೆಲೆಗೆ ಕೊಂಡವರು ಕೈ ಸುಟ್ಟುಕೊಳ್ಳಲು ಮುಖ್ಯ ಕಾರಣ ಇದು. ಅಸಾಮಾನ್ಯ ವರ್ಷದ ನಂತರ ಆಟಗಾರ ತನ್ನ ಎಂದಿನ ಮಟ್ಟಕ್ಕೆ ಮರಳುವುದೇ ಹೆಚ್ಚು.

ಇದರ ಮೇಲೆ ಗಾಯದ ಪಾಲೂ ಇದೆ. ಪಿಚರ್‌ನ ಮೊಣಕೈ ಸ್ನಾಯುಬಂಧ ಹರಿದರೆ ‘ಟಾಮಿ ಜಾನ್’ ಎಂಬ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದಾದ ಮೇಲೆ ಮರಳಲು ಸಾಮಾನ್ಯವಾಗಿ ಒಂದು ವರ್ಷಕ್ಕೂ ಹೆಚ್ಚು ಬೇಕು. ಹರಾಜಿನ ದಿನ ಇದನ್ನು ಯಾವ ಬುದ್ಧಿವಂತನೂ ಖಚಿತವಾಗಿ ಊಹಿಸಲಾರ.

ಎರಡು ಸಲ ಗೆದ್ದರೆ ಪಂಡಿತರೇ?

ಹತ್ತು ಗೆಳೆಯರು, ಎಲ್ಲರೂ ಸಮಾನ ಬುದ್ಧಿವಂತರು, ಗೆಲುವು ಪೂರ್ತಿ ಅದೃಷ್ಟ ಎಂದೇ ಇಟ್ಟುಕೊಳ್ಳೋಣ. ಈ ವರ್ಷ ಗೆದ್ದವರು ಮುಂದಿನ ವರ್ಷವೂ ಗೆಲ್ಲುವ ಸಾಧ್ಯತೆ ಶೇ 10. ಹತ್ತು ವರ್ಷಗಳಲ್ಲಿ ಯಾರಾದರೊಬ್ಬರು ಸತತ ಎರಡು ಸಲ ಗೆಲ್ಲುವ ಸಾಧ್ಯತೆ ಎಷ್ಟು? ಸುಮಾರು ಶೇ 61! ಅಂದರೆ ಬರೀ ಚೀಟಿ ಎತ್ತಿದರೂ ಬಳಗದಲ್ಲಿ ಒಬ್ಬ ‘ಪಂಡಿತ’ ಹುಟ್ಟುವ ಸಂಭವವೇ ಹೆಚ್ಚು.

ಇದೇ ಲೆಕ್ಕದಲ್ಲಿ, 20 ವರ್ಷ ಆಡಿದರೂ ಒಮ್ಮೆಯೂ ಗೆಲ್ಲದೆ ಉಳಿಯುವವರು ಹತ್ತರಲ್ಲಿ ಸರಾಸರಿ ಒಬ್ಬರು. ಅವರನ್ನು ದಡ್ಡರೆಂದು ಬಳಗ ಆಡಿಕೊಳ್ಳುತ್ತದೆ. ಪಾಪ, ಅವರ ತಪ್ಪೇನೂ ಇರದಿರಬಹುದು.

ಹಾಗಾದರೆ ಕೌಶಲವೇ ಇಲ್ಲವೇ?

ಇದೆ. ಫ್ಯಾನ್‌ಡ್ಯೂಯೆಲ್ ಎಂಬ ಕಂಪನಿಯ ಆಟಗಳ ದತ್ತಾಂಶ ಬಳಸಿ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಉಪಾಯ ಸರಳ. ಆಡುವವರ ಸೀಸನ್ನನ್ನು ಎರಡು ಭಾಗ ಮಾಡಿ. ಬರೀ ಅದೃಷ್ಟವಾದರೆ ಒಂದು ಭಾಗದಲ್ಲಿ ಹೆಚ್ಚು ಗೆದ್ದವರು ಇನ್ನೊಂದರಲ್ಲೂ ಗೆಲ್ಲಬೇಕೆಂದಿಲ್ಲ. ಕೌಶಲವಿದ್ದರೆ ಅವರೇ ಮತ್ತೆ ಮುಂದಿರುತ್ತಾರೆ. ಫ್ಯಾಂಟಸಿ ಆಟಗಳಲ್ಲಿ ಕೌಶಲದ ಪಾಲು ಸ್ಪಷ್ಟವಾಗಿಯೇ ಕಂಡಿತು.

ಆದರೆ ಕೌಶಲ ಕಾಣಿಸಲು ಸಮಯ ಬೇಕು. ನಿಜವಾದ ಬೇಸ್‌ಬಾಲ್‌ನಲ್ಲಿ ಪ್ರತಿ ತಂಡ ಸೀಸನ್‌ಗೆ 162 ಪಂದ್ಯ ಆಡುತ್ತದೆ. ಇಡೀ ಸೀಸನ್ನಿನ ಮೊತ್ತ ನೋಡುವ ಲೀಗ್‌ನಲ್ಲಿ ಅದೃಷ್ಟ ಸ್ವಲ್ಪವಾದರೂ ಸಮನಾಗುತ್ತದೆ. ವಾರಕ್ಕೊಮ್ಮೆ ಇಬ್ಬಿಬ್ಬರು ಎದುರಾಗುವ ಲೀಗ್‌ನಲ್ಲಿ ಏರುಪೇರು ಹೆಚ್ಚು. ಒಂದೇ ದಿನದ ಆಟವಾದರೆ ಇನ್ನೂ ಹೆಚ್ಚು.

ಗೆಳೆಯರ ನಡುವೆ ಜಗಳವೇಕೆ?

ಇಂಥ ಲೀಗ್‌ಗಳಲ್ಲಿ ಹೆಚ್ಚು ಮುನಿಸು ಹುಟ್ಟುವುದು ಆಟಗಾರರ ವಿನಿಮಯದಲ್ಲಿ. ‘ನನ್ನ ಒಳ್ಳೆಯ ಪಿಚರ್‌ಗೆ ಇವನನ್ನು ಕೊಡುತ್ತೀಯಾ? ನನ್ನನ್ನು ಏನೆಂದುಕೊಂಡೆ?’ ಎಂಬಲ್ಲಿಂದ ಮಾತು ಬೆಳೆಯುತ್ತದೆ. ಇದರ ಹಿಂದೆ ಮನಃಶಾಸ್ತ್ರವಿದೆ. 1990ರಲ್ಲಿ ಪ್ರಕಟವಾದ ಕಾನೆಮನ್, ನೆಟ್ಷ್ ಮತ್ತು ಥೇಲರ್ ಅವರ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಮಾರಲು ಎಷ್ಟು ಬೇಕೆಂದು ಕೇಳಲಾಯಿತು. ಮಗ್ ಕೈಯಲ್ಲಿದ್ದವರು ಕೇಳಿದ ಬೆಲೆ, ಇಲ್ಲದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಕೈಗೆ ಬಂದ ವಸ್ತು ತಕ್ಷಣ ಹೆಚ್ಚು ಬೆಲೆಯದಾಗಿ ಕಾಣುತ್ತದೆ. ಆದ್ದರಿಂದ ಗೆಳೆಯ ಮೋಸ ಮಾಡುತ್ತಿದ್ದಾನೆ ಎಂದು ಇಬ್ಬರಿಗೂ ಪ್ರಾಮಾಣಿಕವಾಗಿಯೇ ಅನಿಸಬಹುದು.

ಇನ್ನೊಂದು ಕಾರಣವೂ ಇದೆ. ಗೆದ್ದರೆ ನಮ್ಮ ಬುದ್ಧಿ, ಸೋತರೆ ಆಟಗಾರನ ಗಾಯ ಎನ್ನುವುದು ನಮ್ಮೆಲ್ಲರ ಸ್ವಭಾವ. ಎದುರಿನವನು ಗೆದ್ದರೆ ಮಾತ್ರ ಅದು ಅದೃಷ್ಟ!

ಹಣ ಬಂದಾಗ ಲೆಕ್ಕವೇ ಬೇರೆ

ಹತ್ತು ಗೆಳೆಯರು ತಲಾ 100 ರೂಪಾಯಿ ಹಾಕಿ ಪಾರ್ಟಿ ಮಾಡಿದರೆ, ಸಾವಿರವೂ ಬಳಗದಲ್ಲೇ ಉಳಿಯುತ್ತದೆ. ಹಣದ ಆ್ಯಪ್ ತನ್ನ ಶುಲ್ಕ ಕಡಿದುಕೊಳ್ಳುತ್ತದೆ. ಅದು ಶೇ 15 ಎಂದಿಟ್ಟುಕೊಂಡರೆ, 1000ದಲ್ಲಿ 850 ಮಾತ್ರ ಆಡಿದವರಿಗೆ ಮರಳುತ್ತದೆ. ಎಲ್ಲರೂ ಸಮಾನ ಬುದ್ಧಿವಂತರಾದರೆ, ದೀರ್ಘಕಾಲದಲ್ಲಿ ಸರಾಸರಿ ಎಲ್ಲರಿಗೂ ನಷ್ಟ.

ಬುದ್ಧಿವಂತಿಕೆಯಲ್ಲಿ ವ್ಯತ್ಯಾಸವಿದ್ದರೆ? 2015ರಲ್ಲಿ ಮೆಕಿನ್ಸಿ ಸಂಸ್ಥೆಯ ವಿಶ್ಲೇಷಕರು ಅಮೆರಿಕದ ದಿನಬಳಕೆಯ ಫ್ಯಾಂಟಸಿ ಬೇಸ್‌ಬಾಲ್ ಲೆಕ್ಕ ತೆಗೆದರು. ಆ ಸೀಸನ್ನಿನ ಮೊದಲರ್ಧದಲ್ಲಿ ಆಡಿದವರ ಲಾಭದ ಶೇ 91ರಷ್ಟು ಶೇ 1.3 ಜನರ ಪಾಲಾಗಿತ್ತು. ‘ಇದು ಕೌಶಲದ ಆಟ’ ಎಂಬ ಮಾತಿನ ಇನ್ನೊಂದು ಮುಖ ಇದು. ಕೌಶಲ ಇದೆ, ನಿಜ. ಆದರೆ ಅದು ನಿಮ್ಮ ಕಡೆಗಿದೆ ಎಂದಲ್ಲ. ಹೊಸಬರ ಎದುರು ಕೂತಿರುವುದು ದಿನವಿಡೀ ಅಂಕಿಅಂಶ ಅರೆದು ಕುಡಿದವರು.

ನಮ್ಮಲ್ಲೂ ಈ ಚರ್ಚೆ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಕೌಶಲದ್ದಿರಲಿ, ಅದೃಷ್ಟದ್ದಿರಲಿ, ಎರಡನ್ನೂ ನಿಷೇಧಿಸುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

- ಗೆಲುವಿನ ಸ್ಕ್ರೀನ್‌ಶಾಟ್ ನೋಡಿದರೆ, ಸೋತ ಸ್ಕ್ರೀನ್‌ಶಾಟ್‌ಗಳು ಎಲ್ಲಿ ಎಂದು ಕೇಳಿ. ನೂರು ಗುಂಪುಗಳಿಗೆ ನೂರು ಬೇರೆ ಬೇರೆ ತಂಡ ಕಳಿಸಿದರೆ ಒಂದಾದರೂ ಗೆಲ್ಲಬಹುದು. ನಮಗೆ ತಲುಪುವುದು ಆ ಒಂದೇ.
- ‘ಖಚಿತ ಗೆಲುವು’ ಎಂದು ತಂಡ ಮಾರುವವರಿಗೆ ಹಣ ಕೊಡಬೇಡಿ. ಗೆಲುವು ಅಷ್ಟು ಖಚಿತವಾಗಿದ್ದರೆ ಅವರು ಅದನ್ನು ಮಾರುತ್ತಿರಲಿಲ್ಲ.
- ನಿಮ್ಮ ಬಳಗದಲ್ಲಿ ಆಡುತ್ತಿದ್ದರೆ ಹಳೆಯ ಅಂಕಗಳನ್ನು ಎರಡು ಭಾಗ ಮಾಡಿ ನೋಡಿ. ಎರಡರಲ್ಲೂ ಮುಂದಿರುವವರು ಇದ್ದರೆ ಅವರಲ್ಲಿ ಏನೋ ಇದೆ.

ತೀರ್ಮಾನ: ಸಂದೇಶ ಅರ್ಧ ನಿಜ. ಫ್ಯಾಂಟಸಿ ಲೀಗ್‌ನಲ್ಲಿ ಬುದ್ಧಿಗೆ ಬೆಲೆಯಿದೆ. ಆದರೆ ಒಂದೆರಡು ಗೆಲುವಿನಿಂದ ಅದು ಸಾಬೀತಾಗುವುದಿಲ್ಲ. ಒಂದೆರಡು ಸೋಲಿಗೆ ಗೆಳೆತನ ಕಳೆದುಕೊಳ್ಳುವ ಅಗತ್ಯವೂ ಇಲ್ಲ. ಆಟ ಕಂಡುಹಿಡಿದವರೇ ಗೆಲ್ಲದೆ ಆಡುತ್ತಾ ಹೋದರು ಎಂಬುದನ್ನು ನಿಮ್ಮ ಬಳಗದಲ್ಲಿ ಸದಾ ಕೊನೆಗೆ ಬರುವವರಿಗೆ ಹೇಳಿ.